ಹಸುಗೂಸು ಕೇಳಿದ್ದು 'ಬ'ವೋ, 'ಪ'ವೋ? – ಒಂದು ಪ್ರಸಿದ್ಧ ಪ್ರಯೋಗದ ಮರುವಿಮರ್ಶೆ

ಹುಟ್ಟಿ ಒಂದು ತಿಂಗಳಾದ ಶಿಶುವೂ 'ಬ' ಮತ್ತು 'ಪ'ಗಳ ವ್ಯತ್ಯಾಸವನ್ನು ಗುರುತಿಸಬಲ್ಲದು ಎಂಬ ಮಾತನ್ನು ನೀವು ಎಲ್ಲಾದರೂ ಓದಿರುತ್ತೀರಿ. ಮನೋವಿಜ್ಞಾನದ ಪಠ್ಯಗಳಲ್ಲಿ, ಶಿಕ್ಷಕ ತರಬೇತಿಯ ಕೈಪಿಡಿಗಳಲ್ಲಿ, ಜನಪ್ರಿಯ ವಿಜ್ಞಾನ ಲೇಖನಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಲೋಕದ ಎಲ್ಲ ಭಾಷೆಗಳ ಧ್ವನಿಗಳನ್ನೂ ಗುರುತಿಸುವ ಶಕ್ತಿಯೊಡನೆ ಮಗು ಹುಟ್ಟುತ್ತದೆ, ವರ್ಷ ತುಂಬುವುದರೊಳಗೆ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎರಡೂ ಮಾತುಗಳಿಗೆ ಆಧಾರವಾದ ಪ್ರಯೋಗಗಳು ಒಳ್ಳೆಯ ಪ್ರಯೋಗಗಳೇ. ಆದರೆ ಅವುಗಳಿಂದ ತೆಗೆದ ತೀರ್ಮಾನಗಳು ಪ್ರಯೋಗಕ್ಕಿಂತ ದೊಡ್ಡದಾಗಿ ಬೆಳೆದಿವೆ. ಕನ್ನಡಕ್ಕೆ ಬರುವಾಗ ಅವುಗಳಲ್ಲಿ ಒಂದು ಮೂಲದಲ್ಲೇ ಅಡ್ಡದಾರಿ ಹಿಡಿದಿದೆ. ಇದು ಬರೀ ಪಾಂಡಿತ್ಯದ ಚರ್ಚೆಯಲ್ಲ. 'ಕೇಳಿಸುತ್ತದೆ' ಎಂದು ನಾವು ಯಾವಾಗ ಹೇಳಬಹುದು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅದರ ಬೆಲೆಯನ್ನು ತೆರುವುದು ಒಂದು ಮಗು.

ಪ್ರಯೋಗ ನಡೆದದ್ದು ಹೇಗೆ?

ಪೀಟರ್ ಐಮಸ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಈ ಪ್ರಯೋಗ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಶಿಶುಗಳ ಬಾಯಿಗೆ ಒತ್ತಡ ಅಳೆಯುವ ಸಾಧನಕ್ಕೆ ಜೋಡಿಸಿದ ರಬ್ಬರ್ ತೊಟ್ಟನ್ನು ಕೊಟ್ಟರು. ಶಿಶು ಜೋರಾಗಿ ಚೀಪಿದಷ್ಟೂ ಧ್ವನಿವರ್ಧಕದಿಂದ ಒಂದು ಕೃತಕ ಉಚ್ಚಾರ ಹೆಚ್ಚು ಹೆಚ್ಚು ಸಲ ಕೇಳಿಬರುತ್ತಿತ್ತು. ಹೊಸತರಲ್ಲಿ ಶಿಶು ಉತ್ಸಾಹದಿಂದ ಚೀಪುತ್ತದೆ, ಕ್ರಮೇಣ ಬೇಸರಗೊಂಡು ನಿಧಾನಿಸುತ್ತದೆ. ಆಗ ಧ್ವನಿಯನ್ನು ಬದಲಿಸುತ್ತಾರೆ. ಚೀಪುವ ವೇಗ ಮತ್ತೆ ಏರಿದರೆ, ಬದಲಾವಣೆ ಶಿಶುವಿಗೆ ತಿಳಿಯಿತು ಎಂದು ಅರ್ಥ.

ಪ್ರಯೋಗದ ಜಾಣ್ಮೆ ಇರುವುದು ಧ್ವನಿಗಳ ಆಯ್ಕೆಯಲ್ಲಿ. ತುಟಿಗಳು ತೆರೆದ ಕ್ಷಣಕ್ಕೂ ಗಂಟಲಿನ ಧ್ವನಿತಂತುಗಳು ಕಂಪಿಸತೊಡಗುವ ಕ್ಷಣಕ್ಕೂ ನಡುವಿನ ಅಂತರವನ್ನು 'ಘೋಷಾರಂಭ ಕಾಲ' ಎನ್ನೋಣ. ತುಟಿ ತೆರೆಯುವ ಮೊದಲೇ ಕಂಪನ ಶುರುವಾದರೆ ಅದು ಋಣ, ಅನಂತರ ಶುರುವಾದರೆ ಧನ. ಐಮಸ್ ತಂಡ −20ರಿಂದ +80 ಮಿಲಿಸೆಕೆಂಡಿನವರೆಗೆ 20ರ ಅಂತರದಲ್ಲಿ ಆರು ಧ್ವನಿಗಳನ್ನು ಬಳಸಿತು. ಇಂಗ್ಲಿಷ್ ಮಾತಾಡುವ ವಯಸ್ಕರು +25ರ ಆಸುಪಾಸಿನ ಒಂದು ಗಡಿಯ ಕೆಳಗಿನದನ್ನು ಇಂಗ್ಲಿಷಿನ 'ಬಿ' ಎಂದೂ ಮೇಲಿನದನ್ನು 'ಪಿ' ಎಂದೂ ಕೇಳುತ್ತಾರೆ. +20ರಿಂದ +40ಕ್ಕೆ ಬದಲಿಸಿದಾಗ, ಅಂದರೆ ಗಡಿ ದಾಟಿದಾಗ, ಶಿಶುಗಳ ಚೀಪುವಿಕೆ ಏರಿತು. ಅಷ್ಟೇ 20 ಮಿಲಿಸೆಕೆಂಡಿನ ಬದಲಾವಣೆ ಗಡಿಯ ಒಂದೇ ಬದಿಯಲ್ಲಿ ಆದಾಗ (−20ರಿಂದ 0, ಅಥವಾ +60ರಿಂದ +80) ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಭೌತಿಕವಾಗಿ ಸಮನಾದ ಎರಡು ಬದಲಾವಣೆಗಳಲ್ಲಿ ಒಂದಕ್ಕೆ ಶಿಶು ಸ್ಪಂದಿಸಿತು, ಇನ್ನೊಂದಕ್ಕೆ ಸ್ಪಂದಿಸಲಿಲ್ಲ. ಫಲಿತಾಂಶ ಇಷ್ಟು.

ಅದು ನಮ್ಮ 'ಬ' ಅಲ್ಲ

ಈಗ ಕನ್ನಡ ಅನುವಾದದ ಮಾತಿಗೆ ಬನ್ನಿ. ನಿಮ್ಮ ತರಗತಿಯಲ್ಲೇ ಒಂದು ಚಿಕ್ಕ ಪ್ರಯೋಗ ಮಾಡಬಹುದು. ತುಟಿಗಳ ಮುಂದೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿದು 'ಪಟ' ಎನ್ನಿ. ಕಾಗದ ಹೆಚ್ಚು ಕಡಿಮೆ ನಿಶ್ಚಲ. ಈಗ ಇಂಗ್ಲಿಷರ ಧಾಟಿಯಲ್ಲಿ 'ಪಿನ್' ಎನ್ನಿ. ಕಾಗದ ಹಾರುತ್ತದೆ. ಪದದ ಮೊದಲಲ್ಲಿ ಬರುವ ಇಂಗ್ಲಿಷಿನ 'ಪಿ' ಮಹಾಪ್ರಾಣಯುಕ್ತ. ಅದರ ಘೋಷಾರಂಭ ಕಾಲ ಸಾಮಾನ್ಯವಾಗಿ +50 ಮಿಲಿಸೆಕೆಂಡನ್ನು ಮೀರುತ್ತದೆ. ನಮ್ಮ 'ಪ' ಸೊನ್ನೆಯ ಸಮೀಪ, ತುಸು ಧನದ ಕಡೆಗೆ ಇರುತ್ತದೆ. ಇನ್ನು 'ಬ'. ಗಂಟಲಿನ ಮೇಲೆ ಬೆರಳಿಟ್ಟು ನಿಧಾನವಾಗಿ 'ಬಲ' ಎನ್ನಿ. ತುಟಿ ಬಿಡಿಸುವ ಮೊದಲೇ ಬೆರಳಿಗೆ ಕಂಪನ ತಾಗುತ್ತದೆ. ಕನ್ನಡದ 'ಬ' ಹಲವು ಹತ್ತು ಮಿಲಿಸೆಕೆಂಡು ಋಣದಲ್ಲಿದೆ. ಇಂಗ್ಲಿಷಿನ 'ಬಿ'ಯಾದರೋ ಅನೇಕ ವೇಳೆ ಸೊನ್ನೆಯ ಹತ್ತಿರದಲ್ಲೇ ಇರುತ್ತದೆ.

ಹಾಗಾಗಿ, ಈ ಒಂದು ಅಳತೆಗೋಲಿನ ಮಟ್ಟಿಗೆ, ಐಮಸ್ ಪ್ರಯೋಗದ ಶಿಶುಗಳು ಗುರುತಿಸಿದ ವ್ಯತ್ಯಾಸ ನಮ್ಮ 'ಬ–ಪ' ವ್ಯತ್ಯಾಸವಲ್ಲ. ಅದು ನಮ್ಮ 'ಪ' ಮತ್ತು ಮಹಾಪ್ರಾಣದ 'ಫ'ಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹತ್ತಿರ. (ಈಗ 'ಫ್ಯಾನು', 'ಫೋನು' ಎನ್ನುವಾಗಿನ ಉಜ್ಜುವ 'ಫ' ಅಲ್ಲ, 'ಫಲ' ಎಂಬುದರ ಹಳೆಯ ಉಚ್ಚಾರ.) ನಮ್ಮ 'ಬ–ಪ' ಗಡಿ ಬರುವುದು ಋಣದ ಕಡೆ. ಅಲ್ಲಿ −20ರಿಂದ 0ಗೆ ಬದಲಿಸಿದಾಗ ಇದೇ ಪ್ರಯೋಗದ ಶಿಶುಗಳು ಗಮನವನ್ನೇ ಕೊಡಲಿಲ್ಲ! ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಗಳನ್ನು ಕೂರಿಸಿದ ಬರಹಗಾರ, ಪ್ರಯೋಗ ತೋರಿಸದೆ ಇದ್ದುದನ್ನು ಅದು ತೋರಿಸಿತು ಎಂದು ಬರೆದಂತಾಯಿತು.

ಇದೇನೂ ಅಜ್ಞಾತ ವಿಚಾರವಲ್ಲ. ಲಿಸ್ಕರ್ ಮತ್ತು ಏಬ್ರಮ್ಸನ್ 1964ರಲ್ಲೇ ಹನ್ನೊಂದು ಭಾಷೆಗಳ ಘೋಷಾರಂಭ ಕಾಲವನ್ನು ಅಳೆದಿದ್ದರು. ಹಿಂದಿ, ಮರಾಠಿ, ತಮಿಳು ಅವುಗಳಲ್ಲಿದ್ದವು. ಭಾಷೆ ಬದಲಾದಂತೆ ಗಡಿ ಬದಲಾಗುತ್ತದೆಂಬುದು ಆಗಲೇ ಸ್ಪಷ್ಟವಾಗಿತ್ತು. ನಿಮ್ಮಲ್ಲಿ ಗಣಕಯಂತ್ರವಿದ್ದರೆ 'ಪ್ರಾಟ್' ಅಥವಾ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಧ್ವನಿಯನ್ನೇ ಮುದ್ರಿಸಿ, ತರಂಗರೂಪದ ಮೇಲೆ ಈ ಕಾಲವನ್ನು ಅಳೆಯಿಸಿ. ಪಠ್ಯದ ವಾಕ್ಯವನ್ನು ಅಳತೆಯಿಂದ ಪ್ರಶ್ನಿಸುವ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು.

ಭಾಷೆಯ ಶಕ್ತಿಯೋ, ಕಿವಿಯ ಗುಣವೋ?

ಐಮಸ್ ತಂಡ ಫಲಿತಾಂಶದಿಂದ ಒಂದು ಹೆಜ್ಜೆ ಮುಂದೆ ಹೋಯಿತು. ಶಿಶು ಈ ಧ್ವನಿಗಳನ್ನು ಭಾಷೆಯ ಧ್ವನಿಗಳಾಗಿಯೇ ಗ್ರಹಿಸುತ್ತದೆ, ಈ ಸಾಮರ್ಥ್ಯ ಮನುಷ್ಯನ ಜೈವಿಕ ಸಜ್ಜಿಕೆಯ ಭಾಗವಿರಬಹುದು ಎಂದಿತು. ಪ್ಯಾಟ್ರಿಷಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ 1975ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಅವರು ಆರಿಸಿಕೊಂಡದ್ದು ಚಿಂಚಿಲಾ ಎಂಬ, ದಕ್ಷಿಣ ಅಮೆರಿಕದ ದಂಶಕ ಪ್ರಾಣಿಯನ್ನು. ತರಬೇತಿ ಕೊಟ್ಟ ಚಿಂಚಿಲಾಗಳು ಇಂಗ್ಲಿಷಿನ 'ಡಿ–ಟಿ' ಧ್ವನಿಗಳ ಗಡಿಯನ್ನು ಇಂಗ್ಲಿಷ್ ಮಾತಾಡುವ ಮನುಷ್ಯರು ಇಟ್ಟ ಜಾಗದಲ್ಲೇ, ಹೆಚ್ಚು ಕಡಿಮೆ, ಇಟ್ಟವು. ಮಾತೇ ಇಲ್ಲದ ಪ್ರಾಣಿಗೆ ಭಾಷೆಯ ಸಜ್ಜಿಕೆ ಎಲ್ಲಿಂದ ಬರಬೇಕು? 1977ರಲ್ಲಿ ಡೇವಿಡ್ ಪಿಸೋನಿ ಮಾತೇ ಅಲ್ಲದ ಎರಡು ಶುದ್ಧಸ್ವರಗಳನ್ನು ಒಂದರ ಹಿಂದೊಂದು ಆರಂಭಿಸಿ ನೋಡಿದರು. ಅಲ್ಲಿಯೂ ಸುಮಾರು 20 ಮಿಲಿಸೆಕೆಂಡಿನ ಬಳಿ ಒಂದು ಗಡಿ ಕಂಡಿತು. ಎರಡು ಘಟನೆಗಳಲ್ಲಿ ಮೊದಲು ಯಾವುದು, ಅನಂತರ ಯಾವುದು ಎಂದು ಕಿವಿ ಹೇಳಬೇಕಾದರೆ ಅವುಗಳ ನಡುವೆ ಅಷ್ಟು ಅಂತರ ಬೇಕು. ಆ ಗಡಿ ಶ್ರವಣ ವ್ಯವಸ್ಥೆಯ ಸಾಮಾನ್ಯ ಗುಣವಾಗಿದ್ದು, ಭಾಷೆಗಳೇ ಅದನ್ನು ಬಳಸಿಕೊಂಡಿರುವುದು ಹೆಚ್ಚು ಸಂಭವನೀಯ.

ಬೇರೆ ಭಾಷೆಯ ಶಿಶುಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. 1975ರಲ್ಲಿ ಗ್ವಾಟೆಮಾಲಾದ ಸ್ಪ್ಯಾನಿಷ್ ಮನೆಗಳ ಶಿಶುಗಳು ತಮ್ಮ ಭಾಷೆಗೆ ಬೇಡದ ಇಂಗ್ಲಿಷ್ ಗಡಿಯನ್ನು ಗುರುತಿಸಿದವು, ತಮ್ಮ ಭಾಷೆಯ ಗಡಿಯನ್ನು ಗುರುತಿಸಲಿಲ್ಲ. ಋಣದ ಕಡೆ ಇನ್ನೂ ಆಚೆಗಿನ ವ್ಯತ್ಯಾಸವನ್ನು ಕೊಟ್ಟಾಗ ಅದನ್ನೂ ಗುರುತಿಸಿದವು. 1976ರಲ್ಲಿ ಕೀನ್ಯಾದ ಕಿಕುಯು ಭಾಷೆಯ ಎರಡು ತಿಂಗಳ ಶಿಶುಗಳು ಋಣದ ಕಡೆಯ ವ್ಯತ್ಯಾಸವನ್ನೂ ಗುರುತಿಸಿದವು. ಕೆಲವು ಗಡಿಗಳು ಕಿವಿಗೆ ಸಹಜ, ಕೆಲವನ್ನು ಭಾಷೆ ಕಲಿಸಬೇಕು ಎಂದರೆ ಸಾಕ್ಷ್ಯವನ್ನು ಮೀರಿದಂತಾಗುವುದಿಲ್ಲ.

ಹಿಂದಿಯ 'ತ–ಟ'ಗಳ ಕಥೆ

ಎರಡನೆಯ ಮಾತಿಗೆ ಆಧಾರ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಕೆಲಸ. ಇದರಲ್ಲಿ ನಮಗೆ ತುಂಬ ಪರಿಚಿತವಾದ ಧ್ವನಿಗಳೇ ಇದ್ದವು. ಹಿಂದಿಯ ದಂತ್ಯ 'ತ' ಮತ್ತು ಮೂರ್ಧನ್ಯ 'ಟ' – ನಾವು 'ಹತ್ತಿ' ಮತ್ತು 'ಹಟ್ಟಿ'ಗಳಲ್ಲಿ ಮಾಡುವ ಭೇದ. ಇಂಗ್ಲಿಷ್ ಮನೆಗಳ 6–8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಇದನ್ನು ಗುರುತಿಸಿದವು. 10–12 ತಿಂಗಳ ವೇಳೆಗೆ ಬಹುತೇಕ ಶಿಶುಗಳಿಗೆ ಆಗಲಿಲ್ಲ. ಅದೇ ವಯಸ್ಸಿನ ಹಿಂದಿ ಮನೆಯ ಶಿಶುಗಳಿಗೆ ಆಯಿತು (ಅಂಥ ಶಿಶುಗಳು ಪ್ರಯೋಗದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದವು).

ಫಲಿತಾಂಶ ಅನೇಕ ಬಾರಿ ದೃಢಪಟ್ಟಿದೆ. ತಕರಾರು ಇರುವುದು 'ಕಳೆದುಕೊಳ್ಳುತ್ತದೆ' ಎಂಬ ಪದದ ಬಗೆಗೆ. ಎರಡು ಧ್ವನಿಗಳನ್ನು ಅತಿ ಕಡಿಮೆ ಬಿಡುವಿನಲ್ಲಿ ಒಂದರ ಹಿಂದೊಂದು ಕೇಳಿಸಿದರೆ ಇಂಗ್ಲಿಷ್ ವಯಸ್ಕರೂ 'ತ–ಟ' ಭೇದವನ್ನು ಗುರುತಿಸಬಲ್ಲರು ಎಂದು ವರ್ಕರ್ ಅವರೇ 1985ರಲ್ಲಿ ತೋರಿಸಿದರು. 1988ರಲ್ಲಿ ಕ್ಯಾಥರೀನ್ ಬೆಸ್ಟ್ ತಂಡ, ಜೂಲು ಭಾಷೆಯ ಲೊಟಕೆ ಹೊಡೆಯುವಂಥ ಧ್ವನಿಗಳನ್ನು ಇಂಗ್ಲಿಷ್ ವಯಸ್ಕರೂ ವರ್ಷ ದಾಟಿದ ಇಂಗ್ಲಿಷ್ ಮಕ್ಕಳೂ ಚೆನ್ನಾಗಿ ಗುರುತಿಸುವುದನ್ನು ಕಂಡಿತು. ತಿರುಗುಮುರುಗಾದ ಉದಾಹರಣೆಯೂ ಇದೆ. ಫಿಲಿಪಿನೋ ಭಾಷೆಯಲ್ಲಿ ಪದದ ಮೊದಲಲ್ಲೇ 'ನ' ಮತ್ತು 'ಙ' ಭೇದವಿದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಭಾಷೆಯದೇ ಮನೆಗಳ 6–8 ತಿಂಗಳ ಶಿಶುಗಳಿಗೂ ಅದು ತಿಳಿಯಲಿಲ್ಲ, 10–12 ತಿಂಗಳ ವೇಳೆಗೆ ತಿಳಿಯಿತು. ಎಲ್ಲವನ್ನೂ ಹೊತ್ತು ತಂದು ಬೇಡದ್ದನ್ನು ಚೆಲ್ಲುವ ಬುಟ್ಟಿಯ ಚಿತ್ರ ಇಲ್ಲಿ ಹೊಂದುವುದಿಲ್ಲ. ಮಗು ತನ್ನ ಸುತ್ತಲ ಮಾತಿಗೆ ತಕ್ಕಂತೆ ಗಮನವನ್ನು ತಿದ್ದಿಕೊಳ್ಳುತ್ತದೆ. ಇದು ಗಳಿಕೆ, ನಷ್ಟವಲ್ಲ. ಆ ತಿದ್ದುಪಡಿಗೆ ಮಾತು ಕಿವಿಗೆ ಬೀಳಬೇಕು. ವಿಷಯದ ತಿರುಳು ಇರುವುದೇ ಇಲ್ಲಿ.

ಗುಂಪಿನ ಸರಾಸರಿ, ಒಂದು ಮಗುವಿನ ಕಿವಿ

ಐಮಸ್ ಪ್ರಯೋಗದ ಫಲಿತಾಂಶ ಒಂದು ಗುಂಪಿನ ಸರಾಸರಿ. ಹತ್ತು ಶಿಶುಗಳಲ್ಲಿ ಏಳು ಸ್ಪಂದಿಸಿ ಮೂರು ಸುಮ್ಮನಿದ್ದರೂ ಸರಾಸರಿ ಏರುತ್ತದೆ. 'ಶಿಶುಗಳು ಗುರುತಿಸುತ್ತವೆ' ಎನ್ನಲು ಇಷ್ಟು ಸಾಕು. ಆದರೆ ತೊಟ್ಟಿಲಲ್ಲಿರುವ ಈ ಒಂದು ಶಿಶುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸುಮ್ಮನಿದ್ದ ಮೂರು ಶಿಶುಗಳಿಗೆ ಹಸಿವಾಗಿತ್ತೋ, ನಿದ್ದೆ ಬಂದಿತ್ತೋ, ಕಿವಿಯೇ ಕೇಳಿಸುತ್ತಿರಲಿಲ್ಲವೋ ತಿಳಿಯದು. ವರ್ಕರ್ ಬಳಸಿದ, ಧ್ವನಿ ಬದಲಾದಾಗ ತಲೆ ತಿರುಗಿಸಿದ ಮಗುವಿಗೆ ಆಟಿಕೆ ತೋರಿಸುವ ವಿಧಾನ ಈ ದೃಷ್ಟಿಯಿಂದ ಮೇಲು. ಅದರಲ್ಲಿ ಪ್ರತಿ ಶಿಶುವಿಗೂ ಪ್ರತ್ಯೇಕ ಮಾನದಂಡವಿದೆ. ಧ್ವನಿಯನ್ನು ಬದಲಿಸದೆಯೇ ಕಾದು ನೋಡುವ 'ಖಾಲಿ ಸರದಿ'ಗಳೂ ಇವೆ. ಖಾಲಿ ಸರದಿಯಲ್ಲೂ ಮಗು ತಲೆ ತಿರುಗಿಸುತ್ತಿದ್ದರೆ ಉಳಿದ ತಿರುಗುವಿಕೆಗೆ ಬೆಲೆಯಿಲ್ಲ. ಆರು ತಿಂಗಳು ದಾಟಿದ ಮಕ್ಕಳ ಶ್ರವಣ ಪರೀಕ್ಷೆಗೆ ಇದೇ ತತ್ತ್ವದ ವಿಧಾನ ಇಂದು ಬಳಕೆಯಲ್ಲಿದೆ.

ನಮ್ಮ ಮನೆಗಳಲ್ಲಿ ನಡೆಯುವ ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತೇವೆ, ಸ್ಟೀಲ್ ತಟ್ಟೆ ಬೀಳಿಸುತ್ತೇವೆ. ಮಗು ಬೆಚ್ಚಿದರೆ 'ಕಿವಿ ಸರಿಯಾಗಿದೆ' ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಖಾಲಿ ಸರದಿ ಇಲ್ಲ, ನೆರಳು ಮತ್ತು ನೆಲದ ಕಂಪನಗಳನ್ನು ತಡೆಯುವ ಏರ್ಪಾಡಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿಯ ಮಟ್ಟವೇ ತಪ್ಪು. ಒಂದು ಮೀಟರ್ ದೂರದ ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಹತ್ತಿರದ ಚಪ್ಪಾಳೆ 80ನ್ನು ಸುಲಭವಾಗಿ ದಾಟುತ್ತದೆ. 20 ಡೆಸಿಬೆಲ್ ಅಂತರವೆಂದರೆ ತೀವ್ರತೆಯಲ್ಲಿ ನೂರು ಪಟ್ಟು! 60 ಡೆಸಿಬೆಲ್ ಶ್ರವಣದೋಷವಿರುವ ಮಗು ತಟ್ಟೆಯ ಸದ್ದಿಗೆ ತಿರುಗಬಹುದು, ತಾಯಿಯ ಮಾತು ಅದಕ್ಕೆ ಸರಿಯಾಗಿ ಮುಟ್ಟದೆಯೂ ಇರಬಹುದು. ಎತ್ತರದ ಆವೃತ್ತಿಗಳಲ್ಲಿ ಮಾತ್ರ ದೋಷವಿರುವ ಮಗು ಕೂಗಿದರೆ ತಿರುಗುತ್ತದೆ. ಏಕೆಂದರೆ ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿದೆ. 4,000 ಹರ್ಟ್ಸ್ ಮತ್ತು ಅದಕ್ಕಿಂತ ಮೇಲೆ ಹೆಚ್ಚು ಶಕ್ತಿಯಿರುವ 'ಸ'ಕಾರ ಅದಕ್ಕೆ ಕೇಳುವುದೇ ಇಲ್ಲ.

ಯಂತ್ರದ 'ಪಾಸ್' ಎಷ್ಟು ದೂರ?

ಹಾಗಾದರೆ ಯಂತ್ರವನ್ನು ನಂಬೋಣವೇ? ನಂಬೋಣ. ಆದರೆ ಅದು ಏನನ್ನು ಅಳೆಯುತ್ತದೆ ಎಂದು ತಿಳಿದು ನಂಬೋಣ.

ಡೇವಿಡ್ ಕೆಂಪ್ 1978ರಲ್ಲಿ ಆರೋಗ್ಯವಂತ ಕಿವಿ ತಾನೇ ಸದ್ದು ಹೊರಸೂಸುತ್ತದೆ ಎಂಬ ಶೋಧವನ್ನು ಪ್ರಕಟಿಸಿದರು. ಒಳಗಿವಿಯ ಶಂಖದಲ್ಲಿರುವ ಹೊರ ರೋಮಕೋಶಗಳು ಕಂಪನವನ್ನು ವರ್ಧಿಸುತ್ತವೆ. ಅದರ ಒಂದಂಶ ಹಿಂದಕ್ಕೆ ಹರಿದು ಕಿವಿನಾಳಕ್ಕೆ ಬರುತ್ತದೆ. 2,000 ಮತ್ತು 2,400 ಹರ್ಟ್ಸ್‌ನ ಎರಡು ಸ್ವರಗಳನ್ನು ಕಿವಿಗೆ ಕೊಟ್ಟರೆ, ನಾವು ಕೊಡದೇ ಇದ್ದ 1,600 ಹರ್ಟ್ಸ್ ಅಲ್ಲಿ ಹುಟ್ಟುತ್ತದೆ (2 × 2,000 − 2,400). ರೇಖೀಯವಲ್ಲದ ವ್ಯವಸ್ಥೆಗೆ ಇದು ಸುಂದರ ಉದಾಹರಣೆ. ನವಜಾತ ಶಿಶುವಿನ ಕಿವಿಗೆ ಸಣ್ಣ ಶೋಧಕವಿಟ್ಟು ಮಾಡುವ ಓಎಇ ತಪಾಸಣೆಯ ಆಧಾರ ಇದೇ. ಎಬಿಆರ್ ಎಂಬ ಇನ್ನೊಂದು ಪರೀಕ್ಷೆ ಶ್ರವಣ ನರ ಮತ್ತು ಮಿದುಳು ಕಾಂಡದ ವಿದ್ಯುತ್ ಸ್ಪಂದನವನ್ನು ನೆತ್ತಿಯ ಮೇಲಿನಿಂದ ಹಿಡಿಯುತ್ತದೆ. ಆ ಸಂಕೇತ ಒಂದು ಮೈಕ್ರೋವೋಲ್ಟ್‌ಗಿಂತಲೂ ಕಡಿಮೆ. ಮಿದುಳಿನ ಇತರ ವಿದ್ಯುತ್ ಗದ್ದಲ ಅದರ ಹತ್ತಾರು ಪಟ್ಟು. ಎರಡು ಸಾವಿರ ಸಲ ಸದ್ದು ಕೊಟ್ಟು ಸರಾಸರಿ ತೆಗೆದರೆ ಗದ್ದಲ 2,000ದ ವರ್ಗಮೂಲದಷ್ಟು, ಅಂದರೆ ಸುಮಾರು 45 ಪಟ್ಟು, ಇಳಿದು ಸಂಕೇತ ಮೇಲೇಳುತ್ತದೆ.

ಓಎಇ ಹೊರ ರೋಮಕೋಶಗಳವರೆಗೆ ಮಾತ್ರ ಸಾಕ್ಷಿ. ಅಲ್ಲಿಂದಾಚೆ ನರದಲ್ಲಿ ಸಂಕೇತಗಳ ಕಾಲಬದ್ಧತೆಯೇ ಕೆಟ್ಟಿದ್ದರೆ ಅದಕ್ಕೆ ತಿಳಿಯದು. ಅರ್ನಾಲ್ಡ್ ಸ್ಟಾರ್ ತಂಡ 1996ರಲ್ಲಿ ಶ್ರವಣ ನರದ ಇಂಥ ದೋಷಕ್ಕೆ 'ಆಡಿಟರಿ ನ್ಯೂರೋಪತಿ' ಎಂದು ಹೆಸರಿಟ್ಟಿತು. ಇದರಲ್ಲಿ ಓಎಇ ಸರಿಯಿರುತ್ತದೆ, ಎಬಿಆರ್ ಇರುವುದಿಲ್ಲ ಅಥವಾ ತೀರ ಅಸ್ತವ್ಯಸ್ತವಾಗಿರುತ್ತದೆ. ಇಂಥ ಮಗುವಿಗೆ ಸದ್ದು ಕೇಳಿಸುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. 20 ಮಿಲಿಸೆಕೆಂಡಿನ ಅಂತರವನ್ನು ನರವೇ ಕಲಸಿಬಿಟ್ಟರೆ 'ಪ–ಫ' ಭೇದ ಎಲ್ಲಿ ಉಳಿಯಬೇಕು? ತೀವ್ರ ಕಾಮಾಲೆ ಕಂಡ ಶಿಶುಗಳಲ್ಲಿ, ಅವಧಿಗೆ ಮುನ್ನ ಹುಟ್ಟಿ ತೀವ್ರ ನಿಗಾ ಘಟಕದಲ್ಲಿದ್ದ ಶಿಶುಗಳಲ್ಲಿ ಈ ಅಪಾಯ ಹೆಚ್ಚು. ಅಮೆರಿಕದ ಶಿಶು ಶ್ರವಣ ಜಂಟಿ ಸಮಿತಿ 2007ರಲ್ಲಿ, ಆ ಘಟಕದಲ್ಲಿ ಐದು ದಿನಕ್ಕೂ ಹೆಚ್ಚು ಇದ್ದ ಶಿಶುಗಳಿಗೆ ಎಬಿಆರ್ ಕಡ್ಡಾಯವಾಗಿ ಬೇಕೆಂದದ್ದು ಇದರಿಂದಲೇ. ಇನ್ನು, ಹುಟ್ಟಿದಾಗ ಸರಿಯಿದ್ದು ಆಮೇಲೆ ಬರುವ ದೋಷಗಳೂ ಇವೆ. ಅಂದಿನ 'ಪಾಸ್' ಅಂದಿಗಷ್ಟೇ.

ಶ್ರವಣ ಸಾಧನ ಕೊಟ್ಟ ಮೇಲೂ ಭೌತಶಾಸ್ತ್ರ ಬಿಡುವುದಿಲ್ಲ. ಸಾಧನಗಳನ್ನು ಪ್ರಯೋಗಾಲಯದಲ್ಲಿ 2 ಘನ ಸೆಂಟಿಮೀಟರಿನ ಕುಹರದಲ್ಲಿ ಅಳೆಯುವುದು ರೂಢಿ. ಶಿಶುವಿನ ಕಿವಿನಾಳದ ಗಾತ್ರ ಅದಕ್ಕಿಂತ ಬಹಳ ಚಿಕ್ಕದು. ಅದೇ ಸಾಧನ, ಗಾತ್ರ ಅರ್ಧವಾದರೆ ಒತ್ತಡ ಸುಮಾರು ಎರಡು ಪಟ್ಟು, ಅಂದರೆ 6 ಡೆಸಿಬೆಲ್ ಹೆಚ್ಚು. ನಾಳ ಬೆಳೆದಂತೆ ಈ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಮಗುವಿನ ಕಿವಿಯಲ್ಲೇ ಅಳೆದು, ಬೆಳೆದಂತೆ ಮತ್ತೆ ಅಳೆದು ಹೊಂದಿಸಬೇಕು. ದೊಡ್ಡವರ ಲೆಕ್ಕವನ್ನು ಮಗುವಿಗೆ ಇಳಿಸುವುದು ವಿಜ್ಞಾನವಲ್ಲ.

ಶಿಕ್ಷಕರು ಮಾಡಬಹುದಾದದ್ದು

ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ದೋಷದ ನಿರ್ಧಾರ, ಆರರೊಳಗೆ ನೆರವು – ಇದು ಇಂದು ಒಪ್ಪಿತವಾದ ಗುರಿ. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಮುಂದಿರುತ್ತದೆ ಎಂದು ಅಮೆರಿಕದ ಕೊಲೊರಾಡೊದ ಅಧ್ಯಯನ 1998ರಲ್ಲಿ ತೋರಿಸಿತು. ಅದು ವೀಕ್ಷಣೆಯ ಅಧ್ಯಯನ. ಮಕ್ಕಳನ್ನು ಚೀಟಿಯೆತ್ತಿ 'ಬೇಗ', 'ತಡ' ಎಂದು ಹಂಚಿದ್ದಲ್ಲ, ಹಾಗೆ ಹಂಚುವುದು ನ್ಯಾಯವೂ ಅಲ್ಲ. ಅಷ್ಟು ಮಿತಿಯೊಳಗೂ ಅದರ ಸೂಚನೆ ಸ್ಪಷ್ಟ. ನಮ್ಮಲ್ಲಿ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಸೇರಿದೆ.

ಶಾಲೆಗೆ ಬಂದ ಮಗುವಿನ ವಿಷಯದಲ್ಲಿ ನಿಮ್ಮ ಕಣ್ಣು ಬಹಳ ಮುಖ್ಯ. ನೆಗಡಿಯ ನಂತರ ನಡುಗಿವಿಯಲ್ಲಿ ದ್ರವ ತುಂಬಿದರೆ 20–30 ಡೆಸಿಬೆಲ್ ಶ್ರವಣ ಇಳಿಯುವುದು ಸಾಮಾನ್ಯ. ಒಂದು ಮೀಟರಿನಲ್ಲಿ 60 ಇರುವ ನಿಮ್ಮ ಧ್ವನಿ, ಪ್ರತಿಧ್ವನಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ನಾಲ್ಕು ಮೀಟರಿನಲ್ಲಿ 48. ಅದರಿಂದ 25 ಕಳೆಯಿರಿ, ಮೇಲೆ ಪಂಖದ ಸದ್ದನ್ನು ಸೇರಿಸಿ. ಹಿಂದಿನ ಬೆಂಚಿನ ಆ ಮಗುವನ್ನು 'ಗಮನವಿಲ್ಲ', 'ದಡ್ಡ' ಎಂದು ಕರೆಯುವ ಮೊದಲು ಈ ಲೆಕ್ಕ ನೆನಪಾಗಲಿ. ಮಾತಿನ ಸಂದೇಹವಿದ್ದರೆ ಬಾಯಿ ಮರೆಮಾಡಿ, ಚಿತ್ರ ತೋರಿಸಿ, ಮೆಲ್ಲಗೆ 'ಹಲ್ಲಿ' ಎಂದಾಗ ಮಗು ಹಲ್ಲಿಯನ್ನು ತೋರಿಸುತ್ತದೋ ಹಳ್ಳಿಯನ್ನೋ ನೋಡಿ. ಕತ್ತು–ಕಟ್ಟು, ಬಲ–ಬಾಲ ಹೀಗೆ ಜೋಡಿಗಳನ್ನು ಬದಲಿಸಿ. ಊಹೆಯಿಂದಲೇ ಅರ್ಧದಷ್ಟು ಸರಿಯಾಗಬಹುದು, ಆದ್ದರಿಂದ ಹತ್ತು ಹದಿನೈದು ಸಲವಾದರೂ ಕೇಳಿ. ಇದು ರೋಗನಿರ್ಣಯವಲ್ಲ. ಶ್ರವಣತಜ್ಞರ ಬಳಿಗೆ ಕಳಿಸಲು ಸಾಕಾದ ಕಾರಣ ಮಾತ್ರ. ಆದರೆ ಒಂದು ಎಚ್ಚರ: ಈ ಜೋಡಿಗಳಲ್ಲಿ ಮಗು ಸರಿಯಾಗಿ ತೋರಿಸಿತೆಂದು ನಿಮ್ಮ ಸಂದೇಹವನ್ನು ಬಿಟ್ಟುಕೊಡಬೇಡಿ.

ಕನ್ನಡ ಈ ವಿಷಯದಲ್ಲಿ ನಮಗೆ ಒಂದು ಒಳ್ಳೆಯ ಭೇದವನ್ನು ಕೊಟ್ಟಿದೆ. 'ಕೇಳಿಸುವುದು' ಬೇರೆ, 'ಕೇಳುವುದು' ಬೇರೆ. ಮೊದಲನೆಯದನ್ನು ಯಂತ್ರ ಒಂದು ಹಂತದವರೆಗೆ ಅಳೆಯುತ್ತದೆ. ಎರಡನೆಯದನ್ನು ಮಗುವಿನ ಭಾಷೆಯಲ್ಲೇ, ಒಂದೊಂದು ಮಗುವನ್ನೇ ಕೂರಿಸಿಕೊಂಡು ಅಳೆಯಬೇಕು. ಎಲ್ಲೋ ಒಂದು ಪ್ರಯೋಗಾಲಯದಲ್ಲಿ ಶಿಶುಗಳ ಗುಂಪೊಂದು ಬೇರೊಂದು ಭಾಷೆಯ ಧ್ವನಿಗೆ ಚೀಪಿದ ಸರಾಸರಿ, ನಿಮ್ಮ ತರಗತಿಯ ಮಗುವಿಗೆ ಪ್ರಮಾಣಪತ್ರವಾಗಲಾರದು.